ಬಡ್ಡಿಯಿಲ್ಲದ ರೊಟ್ಟಿ

ಪಗಾರ ಎಷ್ಟು ಎಂದು ಕೇಳುವವರು ಈ ಲೋಕದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಹೆಣ್ಣು ಕೊಡುವ ಮಾವ ಕೇಳುತ್ತಾನೆ, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವನು ಕೇಳುತ್ತಾನೆ, ಕ್ಷೌರದವನು ಗಂಟಲ ಹತ್ತಿರ ಕತ್ತಿ ಹಿಡಿದುಕೊಂಡೇ ಕೇಳುತ್ತಾನೆ. ಆ ಹೊತ್ತಿನಲ್ಲಿ ಎರಡು ರೂಪಾಯಿ ಹೆಚ್ಚಿಗೆ ಹೇಳುವ ಧೈರ್ಯ ನನಗಂತೂ ಇನ್ನೂ ಬಂದಿಲ್ಲ. ಆದರೆ ಆ ಪಗಾರ ಎಲ್ಲಿಂದ ಬರುತ್ತದೆ ಎಂದು ಕೇಳಿದವಳು ನನ್ನ ಬಾಳಿನಲ್ಲಿ ಒಬ್ಬಳೇ. ಅವಳು ನನ್ನ ಅವ್ವ. ಅವಳ ಪ್ರಶ್ನೆಗೆ ನಾನು ಪೂರ್ಣವಾದ, ಸ್ಪಷ್ಟವಾದ, ಎಲ್ಲಿಯೂ ತಪ್ಪಿಲ್ಲದ ಉತ್ತರ ಕೊಟ್ಟೆ. ಮರುದಿನದಿಂದ ನಮ್ಮ ಮನೆಯಲ್ಲಿ ಎರಡು ಒಲೆ ಉರಿಯತೊಡಗಿದವು.

ನಾನು ರೋಣದ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಗುಮಾಸ್ತ. ಜನ ಅದನ್ನು ಸೊಸಾಯಿಟಿ ಎನ್ನುತ್ತಾರೆ. ಜೋಳ, ಕಡಲೆ, ಹತ್ತಿ ಮಾರಿದವರು ನಮ್ಮಲ್ಲಿ ಠೇವಣಿ ಇಡುತ್ತಾರೆ. ಬಿತ್ತುವವರು, ಮದುವೆ ಮಾಡುವವರು, ಎತ್ತು ಕೊಳ್ಳುವವರು ನಮ್ಮಲ್ಲಿ ಸಾಲ ತೆಗೆಯುತ್ತಾರೆ. ಇವರಿಬ್ಬರ ನಡುವೆ ಒಂದು ಮೇಜು, ಮೇಜಿನ ಹಿಂದೆ ನಾನು. ಬಡ್ಡಿ ಲೆಕ್ಕದಲ್ಲಿ ನನ್ನನ್ನು ಮೀರಿಸುವವರು ಇಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಪಡಲು ನನ್ನ ಹತ್ತಿರ ಬೇರೆ ಯಾವುದೂ ಇಲ್ಲ. ಮೂಗು ಚಪ್ಪಟೆ, ದನಿ ಕೀರಲು, ಸೈಕಲ್ ಹತ್ತಿದರೆ ಇಳಿಯಲು ಒಂದು ಕಟ್ಟೆಯೇ ಬೇಕು. ಆದರೆ ಅಸಲು, ದರ, ತಿಂಗಳು ಹೇಳಿದರೆ ಸಾಕು, ಬಾಯಲ್ಲೇ ಬಡ್ಡಿ ಹೇಳುತ್ತೇನೆ. ಮೊನ್ನೆ ಆಣೆ ಪೈ ಹೋಗಿ ನಯಾ ಪೈಸೆ ಬಂದಾಗ ಊರಿಗೆ ಊರೇ ತಲೆ ಕೆರೆದುಕೊಂಡಿತು. ನಾನು ಮಾತ್ರ ಹಬ್ಬ ಬಂದವರಂತೆ ಖುಷಿಯಾಗಿದ್ದೆ. ನನ್ನ ಲಗ್ನದಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೂ ಯಾರೋ ಹಿಂದಿನಿಂದ ಬಂದು ಒಂದು ಬಡ್ಡಿ ಲೆಕ್ಕ ಕೇಳಿದರು, ನಾನು ಹೇಳಿದೆ. ನನ್ನ ಹೆಂಡತಿ ಶಾಂತವ್ವ ಅದನ್ನು ಇವತ್ತಿಗೂ ಮರೆತಿಲ್ಲ.

ಅಪ್ಪ ತೀರಿದ ಮೇಲೆ ಅವ್ವ ನರಗುಂದದಿಂದ ನಮ್ಮ ಮನೆಗೆ ಬಂದಳು. ಅಪ್ಪನ ಬೇನೆಗೆ ಇದ್ದೊಂದು ತುಂಡು ಹೊಲವೂ ಮಾರಿ ಹೋಗಿತ್ತು. ಬಸ್ಸಿನಿಂದ ಅವಳು ಇಳಿದಾಗ ಕೈಯಲ್ಲಿ ಎರಡು ಗಂಟು. ಒಂದರಲ್ಲಿ ಎರಡು ಸೀರೆ, ವಿಭೂತಿ, ಒಂದು ಹಿತ್ತಾಳೆ ತಂಬಿಗೆ. ಇನ್ನೊಂದರಲ್ಲಿ ಹತ್ತಿ. ಮಾರುವ ಮೊದಲು ಆ ಹೊಲದಲ್ಲಿ ಬಂದ ಕೊನೆಯ ಬೆಳೆಯದು. ರೋಣದಲ್ಲಿ ಹತ್ತಿಗೆ ಬರವೇ ಎಂದು ನಾನು ನಕ್ಕೆ. "ಇದು ನಮ್ಮದಪಾ, ಮನಿದೇವರ ಬತ್ತಿಗೆ ಇರ್ಲಿ" ಎಂದಳು. ಬಂದ ಎರಡೇ ವಾರದಲ್ಲಿ ಅವಳು ನಮ್ಮ ಓಣಿಯ ಈಶ್ವರ ಗುಡಿ, ಗುಡಿಯ ಪೂಜಾರಿ, ಪೂಜಾರಿಯ ಹೆಂಡತಿಯ ಮಂಡಿನೋವು, ಎಲ್ಲವನ್ನೂ ತನ್ನದು ಮಾಡಿಕೊಂಡಳು. ನನ್ನ ಇಬ್ಬರು ಮಕ್ಕಳು ಅವಳ ಸೆರಗು ಬಿಡಲಿಲ್ಲ. ನನ್ನ ಉದ್ಯೋಗದ ಬಗ್ಗೆ ಅವಳಿಗೆ ಬಹಳ ಗೌರವ ಇತ್ತು. ಕಂಟ್ರೋಲಿನ ಕಾಲದಲ್ಲಿ ನರಗುಂದದಲ್ಲಿ ಸಕ್ಕರೆ, ಚಿಮಣಿ ಎಣ್ಣೆ, ಧೋತರ ಹಂಚುತ್ತಿದ್ದದ್ದು ಅಲ್ಲಿಯ ಸೊಸಾಯಿಟಿ. ನಾನೂ ಸೊಸಾಯಿಟಿಯಲ್ಲಿ ಇದ್ದೇನೆ ಎಂದರೆ ಬಡವರಿಗೆ ಸಕ್ಕರೆ ತೂಗಿ ಕೊಡುತ್ತೇನೆಂದೇ ಅವಳು ತಿಳಿದಿದ್ದಳು. ಮಗ ಮನೆಗೆ ಒಂದು ಹರಳು ಸಕ್ಕರೆಯನ್ನೂ ಕದ್ದು ತರುವುದಿಲ್ಲವೆಂದು ಅಕ್ಕಪಕ್ಕದವರ ಮುಂದೆ ಹೇಳಿಕೊಂಡದ್ದೂ ಉಂಟು.

ಈ ಸುಖಕ್ಕೆ ಕಲ್ಲು ಹಾಕಿದವರು ಬೆಳವಣಕಿಯ ಫಕೀರಗೌಡರು. ದೊಡ್ಡ ಒಕ್ಕಲುತನದವರು, ನಮ್ಮ ಸಂಘದ ಸದಸ್ಯರು, ಒಳ್ಳೆಯ ಮನುಷ್ಯರು. ಕೆಟ್ಟ ಮನುಷ್ಯರು ಮನೆಗೆ ಬಂದರೆ ನಾವು ಹುಷಾರಾಗಿ ಇರುತ್ತೇವೆ. ಒಳ್ಳೆಯವರ ಮುಂದೆ ಮೈಮರೆಯುತ್ತೇವೆ. ಒಂದು ದಿನ ಮುಂಜಾನೆ ಅವರು ಎರಡು ಹಿಡಿ ಹಸಿ ಕಡಲೆ ಸುಲಗಾಯಿ ಹಿಡಿದುಕೊಂಡು ಬಂದರು. ಅವ್ವ ಕಟ್ಟೆಯ ಮೇಲೆ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಸುಲಗಾಯಿ ಬಿಡಿಸತೊಡಗಿದಳು. ಗೌಡರು ಚಹಾ ಕುಡಿದು, ಮೀಸೆ ಒರೆಸಿಕೊಂಡು, ನನ್ನ ತಾಯಿಗೆ ಸಂತೋಷವಾಗಲಿ ಎಂದು ನನ್ನನ್ನು ಹೊಗಳಿದರು.

"ಯವ್ವಾ, ನಿಮ್ಮ ಮಗಾ ಅಂದ್ರ ಸಾಮಾನ್ಯ ಅಲ್ಲ ಬಿಡ್ರಿ. ಬಡ್ಡಿ ಲೆಕ್ಕದಾಗ ಇವರನ್ನ ಸರಿಗಟ್ಟಾವ್ರು ತಾಲೂಕಿನ್ಯಾಗ ಇಲ್ಲ. ಯಾರ ಬರ್ಲಿ, ಎಷ್ಟ ದೊಡ್ಡಾವ್ರ ಇರ್ಲಿ, ಬಡ್ಡಿ ಅಂದ್ರ ಬಡ್ಡಿ. ಒಂದು ಪೈ ಬಿಡೂ ಮನಶ್ಯಾ ಅಲ್ಲ!"

ಅವ್ವನ ಕೈ ನಿಂತಿತು. ಗೌಡರು ಹೋದ ಮೇಲೆ ಅವಳು ಸೆರಗಿನ ಸಿಪ್ಪೆ ಕೊಡವಿ ಎದ್ದಳು. ಆಮೇಲೆ ಒಳಗೆ ಬಂದು ನನ್ನ ಎದುರಿಗೆ ಕುಳಿತಳು. ನಾನು ರೊಟ್ಟಿ, ಝುಣಕ ತಿನ್ನುತ್ತಿದ್ದೆ.

"ತಮ್ಮಾ, ನಿನಗ ಪಗಾರ ಎಲ್ಲಿಂದ ಬರ್ತೈತೋ?"

ಆಗ ನಾನು ಸುಮ್ಮನೆ 'ಸರ್ಕಾರ ಕೊಡ್ತೈತಿ' ಎಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ನನ್ನನ್ನು ಬಡ್ಡಿ ಎಷ್ಟು ಎಂದು ಕೇಳುವವರೇ ಎಲ್ಲ, ಅದರ ಒಳಗನ್ನು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ನಾನು ಉತ್ಸಾಹದಿಂದ ರೊಟ್ಟಿಯ ಚೂರುಗಳನ್ನೇ ತಾಟಿನಲ್ಲಿ ಜೋಡಿಸಿ ವಿವರಿಸಿದೆ. ಇದು ಠೇವಣಿ ಇಟ್ಟವರಿಗೆ ನಾವು ಕೊಡುವ ಬಡ್ಡಿ. ಇದು ಸಾಲ ತಗೊಂಡವರಿಂದ ನಾವು ಹಿಡಿಯುವ ಬಡ್ಡಿ. ಇದು ದೊಡ್ಡದು, ಅದು ಸಣ್ಣದು. ನಡುವೆ ಉಳಿಯುವ ಈ ಚೂರೇ ನನ್ನ ಪಗಾರ. ಹೇಳಿ ಮುಗಿಸಿ ಆ ಚೂರನ್ನು ಝುಣಕದಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡೆ. ಅವ್ವ ನಾನು ಅಗಿಯುವುದನ್ನೇ ನೋಡುತ್ತ ಕುಳಿತಳು. ಅವಳ ಮುಖ ಅಷ್ಟು ಕಪ್ಪಿಟ್ಟದ್ದನ್ನು ನಾನು ಅಪ್ಪ ಹೋದ ದಿನವೂ ಕಂಡಿರಲಿಲ್ಲ. ಎದ್ದು ಹೋಗುವಾಗ ಒಂದೇ ಮಾತು ಹೇಳಿದಳು: "ನಾಳಿಂದ ನನ್ನ ಅಡಗಿ ಬ್ಯಾರೆ."

ಹಿತ್ತಲಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿದಳು. ಹೊಟ್ಟೆಗೆ ಒಂದು ದಾರಿಯನ್ನೂ ಅವಳೇ ಹುಡುಕಿಕೊಂಡಳು. ಈಶ್ವರ ಗುಡಿಗೆ ದಿನಾ ಬತ್ತಿ ಬೇಕು. ಪೂಜಾರಿಯ ಹೆಂಡತಿಗೆ ಮಂಡಿನೋವು, ಕುಳಿತು ಹೊಸೆಯಲಾರಳು. ಗುಡಿಯವರು ಹತ್ತಿ ಕೊಡುವುದು, ಅವ್ವ ಬತ್ತಿ ಹೊಸೆದು ಕೊಡುವುದು, ಪ್ರತಿಯಾಗಿ ಪೂಜಾರಿ ಅವಳ ಹೊಟ್ಟೆಗಾಗುವಷ್ಟು ಜೋಳ ಅಳೆದು ಕೊಡುವುದು ಎಂದು ಮಾತಾಯಿತು. ಅವ್ವನ ಲೆಕ್ಕದಲ್ಲಿ ಅದು ದೇವರ ಜೋಳ, ಅದಕ್ಕಿಂತ ಶುದ್ಧವಾದದ್ದು ಭೂಮಿಯ ಮೇಲೆ ಇಲ್ಲ. ನೀರು ಭಾವಿಯದು, ಕಟ್ಟಿಗೆ ತಾನೇ ಆರಿಸಿ ತಂದ ಹತ್ತಿಕಟ್ಟಿಗೆ. ಉಪ್ಪು ಮಾತ್ರ ಕಷ್ಟವಾಯಿತು. ನಮ್ಮ ಮನೆಯ ಉಪ್ಪನ್ನು ಅವಳು ಮುಟ್ಟಲಿಲ್ಲ. ಹತ್ತು ಬತ್ತಿ ಹೆಚ್ಚಿಗೆ ಹೊಸೆದು ಪೂಜಾರಿಯ ಮನೆಯಿಂದಲೇ ಉಪ್ಪು ತಂದಳು. ಹಿತ್ತಲಿನ ಮೂಲೆಗೆ ಬಾಡಿಗೆ ಎಂದು ದೇವರ ಜಗಲಿಯ ಮೇಲೆ ವಾರಕ್ಕೊಂದು ಕಟ್ಟು ಬತ್ತಿ ಇಡತೊಡಗಿದಾಗ ಶಾಂತವ್ವ ಗೊಳೋ ಎಂದು ಅತ್ತಳು.

ಅವಳ ದುಃಖಕ್ಕೆ ಕಾರಣ ಇತ್ತು. ಅತ್ತೆ ಬೇರೆ ಒಲೆ ಹೂಡಿದರೆ ಓಣಿಯ ಜನ ಸೊಸಾಯಿಟಿಯ ಬಡ್ಡಿ ದರವನ್ನು ವಿಚಾರಿಸುವುದಿಲ್ಲ. ಸೊಸೆಯ ಮುಖ ನೋಡುತ್ತಾರೆ. "ಅತ್ತೀ, ನನ್ನ ಕೈ ಅಡಗಿ ಸೇರವಲ್ದೇನ್ರಿ? ಉಪ್ಪು ಹೆಚ್ಚಾತೇನು, ಖಾರ ಹೆಚ್ಚಾತೇನು, ಹೇಳ್ರೆಲಾ" ಎಂದು ಅವಳು ಎಷ್ಟು ಬೇಡಿಕೊಂಡರೂ ಅವ್ವನದು ಒಂದೇ ಉತ್ತರ: "ನಿಂದೇನೂ ತಪ್ಪಿಲ್ಲ ನಮ್ಮವ್ವಾ. ನಿನ್ನ ಕೈ ಅಡಗಿ ಅಮೃತ. ಅಡಗಿ ಮಾಡೂ ಕಾಳಿನ ಮಾತು ಬ್ಯಾರೆ." ಸುದ್ದಿ ಬಜಾರ ದಾಟಿ ನಮ್ಮ ಸಂಘದ ಚೇರಮನ್ನರ ಕಿವಿಗೂ ಹೋಯಿತು. ಅವರು ನನ್ನನ್ನು ಒಳಗೆ ಕರೆದು, ಬಾಗಿಲು ಮುಂದಕ್ಕೆ ಎಳೆದು, "ಏನ್ರೀ ಇದು, ತಾಯಿಗೆ ಕೂಳು ಹಾಕೂದಿಲ್ಲಂತ? ಪಗಾರ ಸಾಲವಲ್ದೇನು? ಬೇಕಾದ್ರ ಸಂಘದಿಂದ ಸಾಲ ತಗೋರಿ, ನೌಕರರಿಗೆ ಬಡ್ಡಿ ಕಡಿಮಿ ಐತಿ" ಎಂದರು.

ಅವ್ವನಿಗೆ ತಿಳಿಸಿ ಹೇಳುವ ಪ್ರಯತ್ನವನ್ನು ನಾನು ಬಿಟ್ಟಿರಲಿಲ್ಲ. ನಮ್ಮದು ಸಾವುಕಾರರ ಅಂಗಡಿಯಲ್ಲ, ಸಾವುಕಾರರ ಕೈಯಿಂದ ರೈತರನ್ನು ಬಿಡಿಸಲೆಂದೇ ಹುಟ್ಟಿದ ಸಂಸ್ಥೆ. ಸಾಲ ತಗೊಂಡವರೇ ಅದರ ಒಡೆಯರು. ಬಡ್ಡಿ ಎಂದರೆ ಅಲ್ಲಿ ಖರ್ಚಿನ ಬಾಬು ಮಾತ್ರ. ತಪಾಸಣೆಗೆ ಬಂದ ಅಧಿಕಾರಿಗಳ ಭಾಷಣದಿಂದ ನಾನು ಬಾಯಿಪಾಠ ಮಾಡಿದ್ದ ಈ ಮಾತುಗಳನ್ನೆಲ್ಲ ಅವ್ವ ತೊಡೆಯ ಮೇಲೆ ಬತ್ತಿ ಹೊಸೆಯುತ್ತ ಕೇಳಿದಳು. "ಭಾಳ ಚಲೋ ಮಾತಾಡ್ತಿ ತಮ್ಮಾ. ಖರ್ಚಿನ ಬಾಬು ಅಂದ್ರ ಹೊಟ್ಟಿಗೆ ಗೊತ್ತಾಗೂದಿಲ್ಲೇನು?" ಎಂದಳು. ಕೋಪವಿಲ್ಲ, ವ್ಯಂಗ್ಯವಿಲ್ಲ. ಅದೇ ನನಗೆ ತಾಳಲಾಗದ್ದು. ಅವಳ ರಟ್ಟೆ ಸಣ್ಣಗಾಗುತ್ತಿತ್ತು. ಕುಪ್ಪಸದ ತೋಳು ಜೋಲುತ್ತಿತ್ತು. ಇನ್ನು ಒಂದೆರಡು ಬೇಸಿಗೆ ಹೀಗೇ ಹೋದರೆ ಅವ್ವ ಉಳಿಯುವುದಿಲ್ಲವೆಂಬುದು ನನಗೂ ಶಾಂತವ್ವನಿಗೂ ಗೊತ್ತಾಗಿತ್ತು. ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ.

ಕೊನೆಗೆ ಶಾಂತವ್ವನೇ ಒಂದು ಉಪಾಯ ಹೇಳಿದಳು. ಗಜೇಂದ್ರಗಡದಲ್ಲಿ ಒಂದು ಸಣ್ಣ ಮಠ. ಅಲ್ಲಿಯ ಅಜ್ಜನವರು ವಯಸ್ಸಾದವರು, ಓದಿದವರು. ಅವ್ವನಿಗೆ ಅವರಲ್ಲಿ ಭಕ್ತಿ. ಅವರ ಬಾಯಿಂದ ಬಡ್ಡಿ ಪಾಪವಲ್ಲವೆಂದು ಹೇಳಿಸಿದರೆ ಮುಗಿಯಿತು. ನನಗೂ ಧೈರ್ಯ ಬಂತು. ಶಾಸ್ತ್ರದಲ್ಲಿ ಬಡ್ಡಿಗೆ ಜಾಗ ಇದೆಯೆಂದು ಕೇಳಿದ್ದೆ. ಶಾಸ್ತ್ರ ಬರೆದವರೂ ಎಲ್ಲಿಯೋ ಠೇವಣಿ ಇಟ್ಟಿರಲೇಬೇಕು ಎಂದು ನನ್ನ ನಂಬಿಕೆ. ಒಂದು ರವಿವಾರ ಅವ್ವನನ್ನು ಕರೆದುಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ. ಅವಳು ಕಟ್ಟಿಕೊಂಡ ಬುತ್ತಿ ಬೇರೆ, ನನ್ನ ಬುತ್ತಿ ಬೇರೆ. ಒಂದೇ ಸೀಟಿನಲ್ಲಿ ತಾಯಿ ಮಗ ಎರಡು ಗಂಟು ಬಿಚ್ಚಿ ತಿನ್ನುವುದನ್ನು ನೋಡಿ ಕಂಡಕ್ಟರನು, "ಏನ್ರೀ, ಪಾಲಾಗಿ ಭಾಳ ದಿನ ಆತೇನು?" ಎಂದು ಕೇಳಿದ.

ಅಜ್ಜನವರು ಕಂಬಕ್ಕೆ ಒರಗಿ ಕುಳಿತಿದ್ದರು. ನಾನು ಅಡ್ಡಬಿದ್ದು ವಿಷಯ ಅರಿಕೆ ಮಾಡಿದೆ. ನನಗೆ ಬೇಕಾದ ಉತ್ತರ ಬರುವಂತೆಯೇ ಪ್ರಶ್ನೆಯನ್ನು ಕಟ್ಟಿಕೊಂಡು ಹೋಗಿದ್ದೆ. ಅವರು ನಿಧಾನವಾಗಿ ಹೇಳಿದರು: "ಕೊಡೂದು ಧರ್ಮ, ತಾಯಿ. ಕೊಟ್ಟದ್ದರ ಮ್ಯಾಲೆ ಒಂದೀಟು ತಗೊಳ್ಳೂದನ್ನ ಹಿರ್ಯಾರು ಒಪ್ಪ್ಯಾರ. ಆದ್ರ ಅದಕ್ಕೊಂದು ಮಿತಿ ಇಟ್ಟಾರ. ಎಷ್ಟ ವರ್ಷ ಹೋಗ್ಲಿ, ಬಡ್ಡಿ ಅನ್ನೂದು ಅಸಲು ದಾಟಬಾರ್ದು. ಇಲ್ಲದಾವನ ಕುತ್ತಿಗಿ ಹಿಚಿಕಿ ತಗೊಂಡ್ರ ಪಾಪ. ಮಿತಿಯೊಳಗ ತಗೊಂಡ್ರ ಪಾಪಿಲ್ಲ."

ನಾನು ಗೆದ್ದೆ ಎಂದುಕೊಂಡು ಅವ್ವನ ಕಡೆ ತಿರುಗಿದೆ. ಅವಳು ನನ್ನನ್ನು ನೋಡಲಿಲ್ಲ.

"ನನ್ನ ಗಂಡ ಅಸಲಿನಷ್ಟು ಎಂದೂ ತಗೊಂಡಿಲ್ರಿ ಅಜ್ಜಾರ. ಬಿತ್ತಾಕ ಒಂದು ಚೀಲ ಕೊಟ್ರ, ಸುಗ್ಗಿಗೆ ಒಂದೂವರಿ. ಊರಾಗ ಎಲ್ಲಾರೂ ಹಂಗ ತಗೋತಿದ್ರು. ಯಾರ ಕುತ್ತಿಗಿನೂ ಹಿಚಿಕಲಿಲ್ಲ. ಬಡ್ಡಿ ಜ್ವಾಳಕ್ಕಂತನ ನಮ್ಮ ಮನಿ ಮುಂದ ಬ್ಯಾರೆ ಹಗೇವು ಇತ್ತು. ಒಂದು ವರ್ಷ ಮಳಿ ಹೋತು, ಆ ಹಗೇವು ತಗಿಸಿ ನಾವ ಉಂಡ್ವಿ. ಬ್ಯಾನಿ ಬಂತು. ಎರಡು ಕೂಸು ಒಂದ ವಾರದಾಗ ಹೋದ್ವು. ಇಂವಗಿಂತ ಮೊದಲಿನವು. ನನ್ನ ಕೈಯಾರ ಅದ ಜ್ವಾಳದ ನುಚ್ಚು ಉಣಿಸಿದ್ದೆ." ಅವಳ ದನಿ ಎಲ್ಲಿಯೂ ಏರಲಿಲ್ಲ. "ಮಿತಿಯೊಳಗ ಇತ್ತಲ್ರೀ ಅಜ್ಜಾರ. ಮತ್ಯಾಕ ಹೋದ್ವು?"

ಮಠದ ಅಂಗಳದಲ್ಲಿ ಯಾರೋ ಕಟ್ಟಿಗೆ ಒಡೆಯುತ್ತಿದ್ದರು. ನನಗಿಂತ ಮೊದಲು ಎರಡು ಮಕ್ಕಳು ಹುಟ್ಟಿ ಹೋಗಿದ್ದವೆಂದು ನನಗೆ ಗೊತ್ತಿತ್ತು. ಹೇಗೆ ಎಂದು ನಾನು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅಜ್ಜನವರು ಕಂಬ ಬಿಟ್ಟು ನೆಟ್ಟಗೆ ಕುಳಿತರು. ಆಮೇಲೆ, "ನನಗ ಗೊತ್ತಿಲ್ಲ ತಾಯಿ" ಎಂದರು. ಅಷ್ಟು ಓದಿದವರು ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಇಂವ ಹುಟ್ಟಿದಾಗ ಮನಿದೇವರಿಗೆ ಮಾತು ಕೊಟ್ಟೀನ್ರಿ" ಎಂದು ಅವ್ವ ಮುಂದುವರಿಸಿದಳು. "ಈ ಕೂಸಿನ ಹೊಟ್ಟಿಗೆ ಬಡ್ಡಿ ಕಾಳು ಒಂದೂ ಹೋಗಗೊಡೂದಿಲ್ಲ, ಇದನ್ನಾರ ಉಳಸು ಅಂತ. ಉಳಸ್ಯಾನ. ಇವರಪ್ಪ ಅವತ್ತಿನಿಂದ ಕೊಟ್ಟಷ್ಟ ತಗೊಂಡ್ರು, ಮ್ಯಾಲೆ ಒಂದು ಸೇರು ತಗೊಳ್ಳಲಿಲ್ಲ. ಹಗೇವು ಬರಿದಾದ್ವು. ಆಗ್ಲಿ. ಈಗ ನೋಡಿದ್ರ ಇಂವ ದಿನಾ ಅದನ್ನ ಉಣ್ಣಾಕತ್ತಾನ, ಇವನ ಮಕ್ಕಳಿಗೂ ಅದನ್ನ ಉಣಸಾಕತ್ತಾನ. ನಾ ಒಬ್ಬಾಕಿ ಬಿಟ್ರ ಏನಾಗ್ತೈತ್ರಿ? ಆದ್ರ ನಾನೂ ಉಂಡ್ರ, ದೇವರ ಮುಂದ ಯಾ ಮುಖ ಹೊತ್ತು ನಿಂದರ್ಲಿ?"

ನರಗುಂದದ ಮನೆಯ ಮುಂದೆ ನೆಲದೊಳಗಿನ ಆ ಹಗೇವುಗಳು ನನಗೆ ಚೆನ್ನಾಗಿ ನೆನಪಿವೆ. ಬಾಯಿ ತೆರೆದು ಬಿದ್ದ ಬರಿ ಕುಣಿಗಳು. ಜೋಳ ತುಂಬಿಡಬೇಕಾದ ಆ ಕುಣಿಗಳಲ್ಲಿ ನಾವು ಹುಡುಗರು ಇಳಿದು ಆಡುತ್ತಿದ್ದೆವು. ಅಪ್ಪ ನೋಡಿ ಸುಮ್ಮನೆ ಹೋಗುತ್ತಿದ್ದ. ಊರಿಗೆಲ್ಲ ಕಾಳು ಕೊಟ್ಟು, ಕೊಟ್ಟಷ್ಟನ್ನೇ ತಗೊಂಡು, ಇಲಿ ತಿಂದದ್ದು, ಮುಗ್ಗಿದ್ದು, ಮುಳುಗಿದ್ದು ಎಲ್ಲವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡು ಬಡವನಾದ ಆ ಮನುಷ್ಯನಿಗೆ ವ್ಯವಹಾರ ತಿಳಿಯುತ್ತಿರಲಿಲ್ಲವೆಂದು ನಾನು ಆಫೀಸಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೆ. ನನ್ನ ಜೀವದ ಬೆಲೆಯನ್ನು ಅವನು ಆ ರೀತಿ ತೀರಿಸುತ್ತಿದ್ದನೆಂದು ಗಜೇಂದ್ರಗಡದ ಆ ಮಠದಲ್ಲಿ, ನನ್ನ ಮೂವತ್ತು ದಾಟಿದ ಮೇಲೆ ನನಗೆ ತಿಳಿಯಿತು.

ಅಜ್ಜನವರು ಒಂದು ದಾರಿ ಹೇಳಿದರು. "ನಿನ್ನ ದುಡಿಮಿ ರೊಟ್ಟಿ ದಿನಾ ಒಂದು ಇವಗ ಮೊದಲ ಉಣಸು. ಆಮ್ಯಾಲೆ ಏನರ ಉಣ್ಲಿ. ನಿನ್ನ ಮಾತು ಉಳೀತೈತಿ." ಅವ್ವನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಗೆಲವು ಕಂಡಿತು. ಅವಳನ್ನು ಬಸ್ಸಿನಲ್ಲಿ ಕೂಡಿಸಿ ನಾನು ಕೆಳಗೆ ನಿಂತಿದ್ದಾಗ ಮಠದ ಕಾರಭಾರಿ ಬುಸುಬುಸು ಎನ್ನುತ್ತ ಓಡಿ ಬಂದರು. ಅಜ್ಜನವರು ಏನೋ ಹೇಳಿ ಕಳಿಸಿದ್ದಾರೆ ಎಂದುಕೊಂಡು ನಾನು ಕೈಮುಗಿದೆ. ಅವರು ನನ್ನ ಕಿವಿಯ ಹತ್ತಿರ ಬಂದು, "ಸಾಹೇಬ್ರ, ಅಜ್ಜಾರಿಗೆ ತಿಳಸೂದು ಬ್ಯಾಡ. ಮಠದ್ದು ಒಂದೀಟು ರೊಕ್ಕ ಸುಮ್ನ ಕುಂತೈತಿ. ನಿಮ್ಮಲ್ಲೆ ಇಟ್ರ ನೂರಕ್ಕ ಎಷ್ಟು ಬೀಳ್ತೈತ್ರಿ?" ಎಂದು ಕೇಳಿದರು. ನಾನು ಹೇಳಿದೆ. ಕೇಳಿದರೆ ಹೇಳದೇ ಇರಲು ನನಗೆ ಬರುವುದಿಲ್ಲ.

ಅಂದಿನಿಂದ ನಾನು ಆಫೀಸಿಗೆ ಹೊರಡುವ ಮೊದಲು ನನ್ನ ತಾಟಿನಲ್ಲಿ ಒಂದು ರೊಟ್ಟಿ ಬಂದು ಬೀಳುತ್ತಿತ್ತು. "ಇದನ್ನ ಮೊದಲ ತಿನ್ನು." ಮಕ್ಕಳಿಗೂ ಅರ್ಧರ್ಧ. ಒಲೆಯ ಮುಂದೆ ಕುಳಿತು ನಾವು ತಿನ್ನುವುದನ್ನು ನೋಡುವಾಗ ಅವಳ ಕಣ್ಣಲ್ಲಿ ಇದ್ದ ತೃಪ್ತಿಯನ್ನು ನಾನು ವರ್ಣಿಸಲಾರೆ. ಪೂಜಾರಿ ಅಳೆದುಕೊಡುತ್ತಿದ್ದ ಜೋಳ ಮೊದಲಿನಷ್ಟೇ. ಒಬ್ಬರ ಹೊಟ್ಟೆಯ ಜೋಳದಲ್ಲಿ ನಾಲ್ಕು ಜನ ತಿಂದರೆ ಯಾರಿಗೆ ಕಡಿಮೆ ಬೀಳುತ್ತದೆಂದು ತಿಳಿಯಲು ಗುಮಾಸ್ತನಾಗಬೇಕಿಲ್ಲ. ನಾನು ಒಲ್ಲೆ ಎಂದರೆ ಅವಳು ಅಳುತ್ತಿದ್ದಳು. ಹಾಗಾಗಿ ತಿನ್ನುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ನಮ್ಮ ಓಣಿಯ ಗುಡಿಯ ಹಿರಿಯ ಪಂಚರಾದ ಸಂಗಪ್ಪನವರು ನನ್ನ ಮೇಜಿನ ಮುಂದೆ ಬಂದು ಕುಳಿತರು. ಆರು ತಿಂಗಳಿಗೊಮ್ಮೆ ಬರುತ್ತಾರೆ, ಗುಡಿಯ ಹೆಸರಿನ ಠೇವಣಿಯ ಬಡ್ಡಿ ಎಣಿಸಿಕೊಂಡು ಹೋಗುತ್ತಾರೆ. ಎಷ್ಟೋ ವರ್ಷಗಳಿಂದ ನಾನೇ ಲೆಕ್ಕ ಮಾಡಿ ಕೊಡುತ್ತ ಬಂದಿದ್ದೇನೆ. ಅವತ್ತು ಯಾಕೋ ಕೇಳಿದೆ: "ಇದರಾಗ ಏನೇನು ನಡಸ್ತೀರಿ, ಸಂಗಪ್ಪನವರ?"

"ಎಲ್ಲಾ ಇದರಾಗ ನಡಿಬೇಕಲ್ರೀ ಮತ್ತ. ಗುಡಿಗೆ ಹೊಲ ಐತೋ ಮನಿ ಐತೋ? ದೀಪದ ಎಣ್ಣಿ, ಊದಿನಕಡ್ಡಿ, ಪೂಜಾರಿ ಜ್ವಾಳ. ಈಗ ನಿಮ್ಮವ್ವಾರು ಬತ್ತಿ ಹೊಸದು ಕೊಡ್ತಾರಲ್ಲ, ಆ ಜ್ವಾಳಾನೂ ಇದರಾಗ."

ಬರೆಯುತ್ತಿದ್ದ ಕೈ ಅಲ್ಲೇ ನಿಂತಿತು. ದೇವರ ಜೋಳವೆಂದು ಅವ್ವ ಕಣ್ಣಿಗೆ ಒತ್ತಿಕೊಂಡು ತರುತ್ತಿದ್ದ ಕಾಳು ನನ್ನ ಮೇಜಿನಿಂದಲೇ ಹೊರಟದ್ದು. ನನ್ನ ಪಗಾರ ಬರುವ ಬಾಗಿಲಿನಿಂದಲೇ ಅದೂ ಬಂದದ್ದು. ಗುಡಿಯನ್ನು ಒಂದು ಸುತ್ತು ಹಾಕಿ ನಮ್ಮ ಹಿತ್ತಲಿಗೆ ಬಂದು, ರೊಟ್ಟಿಯಾಗಿ, ನನ್ನ ತಾಟಿಗೇ ಬೀಳುತ್ತಿತ್ತು.

ಆ ಸಂಜೆ ನೇರವಾಗಿ ಮನೆಗೆ ಹೋಗಲಾಗಲಿಲ್ಲ. ಬಡ್ಡಿಯ ಸೋಂಕಿಲ್ಲದ ಒಂದು ಚೀಲ ಜೋಳ ಹುಡುಕಿ ಪೂಜಾರಿಗೆ ಗುಟ್ಟಾಗಿ ಕೊಟ್ಟುಬಿಡೋಣ, ಅವ್ವನ ಪಾಲಿಗೆ ಅದನ್ನೇ ಅಳೆಯಲಿ ಎಂದು ಬಜಾರಕ್ಕೆ ಹೋದೆ. ಕೊಳ್ಳಲು ನನ್ನ ಜೇಬಿನಲ್ಲಿದ್ದದ್ದು ನನ್ನ ಪಗಾರ. ಸರಿ, ಯಾರಾದರೂ ದಾನ ಕೊಡಲಿ ಎಂದರೆ ಯಾರು? ಫಕೀರಗೌಡರ ಬೆಳೆಗೆ ನಮ್ಮ ಸಾಲ. ಜೋಳದ ಅಡತಿಯವರಿಗೆ ನಮ್ಮ ಸಾಲ. ಚೀಲ ಹೊರುವ ಚಕ್ಕಡಿಯ ಎತ್ತಿಗೆ ನಮ್ಮ ಸಾಲ. ಮೆಣಸಗಿಯಲ್ಲಿ ಹೊಳೆ ಬಂದು ಹೋದ ಹೊಲಗಳಿಗೂ ನಮ್ಮ ಸಾಲ. ಮೂಲೆಯಲ್ಲಿ ಭಿಕ್ಷೆ ಬೇಡುತ್ತ ಕುಳಿತ ಕುರುಡ ಮುದುಕನೊಬ್ಬನೇ ನಮ್ಮ ಸದಸ್ಯನಲ್ಲ ಎಂದುಕೊಂಡೆ. ಅವನ ತಾಟಿಗೆ ಬಿದ್ದ ಕಾಸು ಯಾರದೆಂದು ನೆನೆದು ಅವನನ್ನೂ ಬಿಟ್ಟೆ. ಬಜಾರದ ನಡುವೆ ನಿಂತು ನಾನು ನಕ್ಕೆನೆಂದು ಕಾಣುತ್ತದೆ. ಪರಿಚಯದವರೊಬ್ಬರು, "ಏನ್ ಸಾಹೇಬ್ರ, ಭಾಳ ಖುಷಿ ಅದೀರಿ" ಎಂದು ಹೇಳಿ ಹೋದರು.

ಮರುದಿನ ತಾಟಿನಲ್ಲಿ ರೊಟ್ಟಿ ಬಿತ್ತು. "ಇದನ್ನ ಮೊದಲ ತಿನ್ನು." ಹೇಳಿಬಿಡಲೇ ಎಂದು ಬಾಯಿ ತೆರೆದೆ. ಹೇಳಿದರೆ ಅವಳು ಆ ಜೋಳವನ್ನೂ ಬಿಡುತ್ತಾಳೆ. ಆಮೇಲೆ ತಿನ್ನಲು ಅವಳಿಗೆ ಈ ತಾಲೂಕಿನಲ್ಲಿ ಏನಿದೆ? ಕೇಳಿದವರಿಗೆಲ್ಲ ಬಡ್ಡಿಯ ಲೆಕ್ಕ ಹೇಳಿದ ನಾನು ಅದೊಂದನ್ನು ಮಾತ್ರ ಹೇಳಲಿಲ್ಲ. ತೆರೆದ ಬಾಯಿಗೆ ರೊಟ್ಟಿ ಹಾಕಿಕೊಂಡೆ. ಅವ್ವ ನೋಡುತ್ತ ಕುಳಿತಿದ್ದಳು. ನೀರು ಕುಡಿದು ನುಂಗಿದೆ.

ಮುಂದಿನ ಚಳಿಗಾಲದಲ್ಲಿ ಅವಳಿಗೆ ಜ್ವರ ಹಿಡಿಯಿತು. ಸರ್ಕಾರಿ ದವಾಖಾನೆಯ ಔಷಧವನ್ನು ಮಾತ್ರ ತಗೊಂಡಳು, ನಾನು ಕೊಂಡು ತಂದದ್ದನ್ನು ಮುಟ್ಟಲಿಲ್ಲ. ಏಳಲಾಗದೆ ಹೋದಾಗ ಶಾಂತವ್ವ ಹಿತ್ತಲಿನ ಅವಳ ಒಲೆಯ ಮೇಲೆಯೇ, ಅವಳ ಜೋಳದಲ್ಲೇ ನುಚ್ಚು ಮಾಡಿ ಉಣಿಸಿದಳು. ಬೇರೆ ಕಾಳು ಒಂದನ್ನೂ ಬೆರೆಸಲಿಲ್ಲ. ಓಣಿ ಏನಂದರೂ ನನ್ನ ಹೆಂಡತಿ ಅಂಥ ಹೆಂಗಸು. ಒಂದು ದಿನ ಅವ್ವ ನನ್ನ ಕೈ ಹಿಡಿದುಕೊಂಡಳು.

"ತಮ್ಮಾ, ನನ್ನ ರೊಟ್ಟಿ ದಿನಾ ತಿಂದೀ ಹೌದಿಲ್ಲೋ?"

"ತಿಂದೀನವ್ವಾ."

"ಅದಾರ ಸ್ವಚ್ಛ ಇತ್ತು. ಅಷ್ಟ ಸಾಕು ಬಿಡು. ಆ ಎರಡಕ್ಕ ನಾ ಹಂಗ ಉಣಸಲಿಲ್ಲ."

"ಹೌದವ್ವಾ, ಸ್ವಚ್ಛ ಇತ್ತು" ಎಂದೆ. ಎರಡು ದಿನಕ್ಕೆ ಅವಳು ಹೋದಳು.

ವರ್ಷ ತುಂಬಿದ ಮೇಲೆ, ಅವ್ವನ ಹೆಸರಿನಲ್ಲಿ ಗುಡಿಯಲ್ಲಿ ಸೋಮವಾರಕ್ಕೊಂದು ದೀಪ ಹಚ್ಚಿಸೋಣ ಎಂದು ಶಾಂತವ್ವ ಹೇಳಿದಳು. ಸಂಗಪ್ಪನವರನ್ನು ಕೇಳಿದೆ. "ಭಾಳ ಚಲೋ ವಿಚಾರ. ಒಂದು ರಕಮು ನಿಮ್ಮ ಸಂಘದಾಗ ಇಟ್ಟುಬಿಡ್ರಿ. ಅದರ ಬಡ್ಡ್ಯಾಗ ಎಣ್ಣಿ ನಡೀತೈತಿ. ಅಸಲು ಹಂಗ ಇರ್ತೈತಿ, ದೀಪ ಶಾಶ್ವತ" ಎಂದರು. ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಸಂಘದ ಗುಮಾಸ್ತನೇ ಹೀಗೆ ಕೇಳಿದರೆ ಜನ ಏನು ಮಾಡಬೇಕು? ನಾನೇ ಠೇವಣಿ ಇಟ್ಟೆ, ನಾನೇ ಪಾವತಿ ಬರೆದುಕೊಂಡೆ. ಈಗ ಪ್ರತಿ ಸೋಮವಾರ ನನ್ನ ತಾಯಿಯ ಹೆಸರಿನಲ್ಲಿ ಬಡ್ಡಿಯ ಎಣ್ಣೆ ಉರಿಯುತ್ತದೆ. ನೋಡಿದವರು, ಮಗ ಎಂದರೆ ಹೀಗಿರಬೇಕು ಎನ್ನುತ್ತಾರೆ.

ಬತ್ತಿಯನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ. ನರಗುಂದದ ಹೊಲದ ಹತ್ತಿಯ ಗಂಟು ದೇವರ ಜಗಲಿಯ ಕೆಳಗೆ ಇನ್ನೂ ಉಳಿದಿತ್ತು. ರವಿವಾರ ಸಂಜೆ ಧೋತರ ಮೇಲೆತ್ತಿ, ತೊಡೆಗೆ ವಿಭೂತಿ ಸವರಿ, ಒಂದು ಬತ್ತಿ ಹೊಸೆಯುತ್ತೇನೆ. ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತವೆ. ಬತ್ತಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. "ಸಾಹೇಬ್ರ, ನಿಮ್ಮ ಬತ್ತಿ ಚಟಾಚಟಾ ಸಿಡೀತೈತ್ರಿ. ಗುಡ್ಯಾಗಿನ ಹತ್ತಿ ಕೊಡ್ತೀನಿ, ತಗೋರಿ" ಎಂದು ಪೂಜಾರಿ ಎರಡು ಸಲ ಹೇಳಿದ. ಬೇಡ ಎಂದೆ.

ಗಂಟು ಈಗ ಒಂದು ತೆಂಗಿನಕಾಯಿಯಷ್ಟಾಗಿದೆ. ಬಿಚ್ಚಿದಾಗಲೆಲ್ಲ ರೂಢಿಯಂತೆ ಮನಸ್ಸು ಲೆಕ್ಕಕ್ಕೆ ಇಳಿಯುತ್ತದೆ: ಇಷ್ಟು ಹತ್ತಿ, ವಾರಕ್ಕೆ ಒಂದು ಬತ್ತಿ, ಎಲ್ಲಿಯವರೆಗೆ ಬಂದೀತು? ತೆಗೆದಷ್ಟೂ ಕಡಿಮೆಯಾಗುವ, ಮೇಲೆ ಏನೂ ಬಂದು ಸೇರದ ಇಂಥ ಲೆಕ್ಕ ನನ್ನ ಮೇಜಿಗೆ ಎಂದೂ ಬಂದದ್ದಿಲ್ಲ. ನಡುವೆಯೇ ಬಿಟ್ಟು ಗಂಟು ಕಟ್ಟಿ ಎದ್ದುಬಿಡುತ್ತೇನೆ. ಹೋದ ವಾರದಿಂದ ಬತ್ತಿಯನ್ನು ಸ್ವಲ್ಪ ತೆಳ್ಳಗೆ ಹೊಸೆಯುತ್ತಿದ್ದೇನೆ.